ಸ್ಪ್ರಿಂಗಿನ ಲೆಕ್ಕ

ಬ್ಯಾಂಕಿನ ಕೆಲಸ ಬಿಟ್ಟು ಹದಿನೈದು ವರ್ಷವಾದ ಮೇಲೆ ಹೋದ ತಿಂಗಳು ನಾನು ಮತ್ತೆ ಲೆಡ್ಜರ್ ಬರೆದೆ. ಈ ಸಲದ ಲೆಕ್ಕ ರೂಪಾಯಿಯದಲ್ಲ, ಮಿಲಿಮೀಟರಿನದು. ಖಾತೆದಾರಳು ನನ್ನ ದೊಡ್ಡ ಮೊಮ್ಮಗಳು.

ಅವಳಿಗೀಗ ಇಪ್ಪತ್ತೊಂದು. ಮನೆಪಾಠ ಹೇಳಿ ಕೂಡಿಟ್ಟ ದುಡ್ಡಿನಲ್ಲಿ, ಸ್ವಲ್ಪ ನನ್ನ ಪೆನ್ಷನ್ನನ್ನೂ ಸೇರಿಸಿಕೊಂಡು, ಹಳೆಯದೊಂದು ಡರ್ಟ್ ಬೈಕ್ ಕೊಂಡಳು. ಡರ್ಟ್ ಬೈಕ್ ಎಂದರೆ ಕಲ್ಲು, ಕೆಸರು, ಬೇರು, ಹಳ್ಳಗಳಿಗೆಂದೇ ಮಾಡಿದ, ಒಂಟೆಯಂತೆ ಎತ್ತರದ ಮೋಟಾರ್ ಸೈಕಲ್. ಅವಳ ಕೋಣೆಯ ಗೋಡೆಯ ಮೇಲೆ ಎರಡು ಚಿತ್ರಗಳಿವೆ. ಒಂದು, 2015ರಲ್ಲಿ ಡಾಕರ್ ರ‍್ಯಾಲಿಗೆ ಹೋದ ಮೊದಲ ಭಾರತೀಯ ಬೈಕ್ ಸವಾರ ಸಿ.ಎಸ್. ಸಂತೋಷ್ ಅವರದು. ಇನ್ನೊಂದು, 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳೆಯರ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ಅವರದು. ಇಬ್ಬರೂ ಬೆಂಗಳೂರಿನವರು. ನಮ್ಮ ಹಾಸನದಿಂದ ಒಬ್ಬರೂ ಇಲ್ಲವಲ್ಲ ಎಂಬುದು ಅವಳ ಕೊರಗು.

ಸಕಲೇಶಪುರದ ಕಡೆ ಪರಿಚಯದವರ ಕಾಫಿ ತೋಟದ ಅಂಚಿನಲ್ಲಿ ಪಾಳುಬಿದ್ದ ಗದ್ದೆಗಳಿವೆ, ಹಳೆಯ ಗಾಡಿದಾರಿಯೂ ಇದೆ. ಅವರ ಒಪ್ಪಿಗೆ ಪಡೆದು ಅಲ್ಲಿ ಅಭ್ಯಾಸಕ್ಕೆ ಹೊರಟಳು. (ಕಾಡಿನೊಳಗೆ ಬೈಕ್ ನುಗ್ಗಿಸುವ ಹುಡುಗರು ಇದನ್ನು ಓದುತ್ತಿದ್ದರೆ, ಅದು ನಿಮ್ಮ ಜಾಗವಲ್ಲ, ಹೊರಗೆ ಬನ್ನಿ.) ಮೂರು ಭಾನುವಾರ ಹೋದಳು, ಐದು ಸಲ ಬಿದ್ದಳು. ಎಲ್ಲವೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, ಹಲಸಿನ ಮರದ ಬೇರುಗಳು ದಾರಿಗೆ ಅಡ್ಡ ಮಲಗಿರುವ ಕಡೆ. ಹಿಂದಿನ ಚಕ್ರ ಕುದುರೆಯಂತೆ ಒದೆಯುತ್ತಿತ್ತಂತೆ. ಮೂರನೆಯ ಭಾನುವಾರ ಎಡ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು, ಊಟಕ್ಕೂ ಏಳದೆ ಜಗಲಿಯಲ್ಲಿ ಕೂತಳು.

"ನನ್ನ ಕೈಲಿ ಆಗಲ್ಲ ತಾತ. ಧೈರ್ಯ ಸಾಲಲ್ಲ."

ಅವಳಪ್ಪ, ಅಂದರೆ ನನ್ನ ಮಗ, ಮೊದಲಿಂದಲೂ ಬೇಡವೆಂದೇ ಹೇಳಿದ್ದವನು. 2021ರ ಡಾಕರ್‌ನಲ್ಲಿ ಸಂತೋಷ್ ಅವರೇ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ್ದನ್ನು ನೆನಪಿಸಿದ. "ಅಂಥವರಿಗೇ ಹಾಗಾಯ್ತು. ತಿಂಗಳ ಕೊನೆಗೆ ಗಾಡಿ ಮಾರಿಬಿಡೋಣ" ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹುಡುಗಿ ಎದುರು ಮಾತಾಡದೆ ತಲೆಯಾಡಿಸಿದಳು ನೋಡಿ, ಅದು ನನಗೆ ಹಿಡಿಸಲಿಲ್ಲ.

ಮಾರುವ ಮುಂಚೆ ಗಾಡಿಯನ್ನು ಒಮ್ಮೆ ತೋರಿಸೋಣವೆಂದು ನಮ್ಮ ಬೀದಿಯ ಹಳೆಯ ಮೆಕ್ಯಾನಿಕ್‌ನನ್ನು ಕರೆದೆ. ಅವನು ಅವಳನ್ನು ಸೀಟಿನ ಮೇಲೆ ಕೂರಿಸಿ, ಹಿಂದಿನಿಂದ ನೋಡಿ, ಒಂದೇ ಪ್ರಶ್ನೆ ಕೇಳಿದ: "ಸ್ಯಾಗ್ ಅಳೆದಿದ್ದೀರಾ?"

ಹಾಗೆಂದರೇನೆಂದು ತಾತನಿಗೂ ಗೊತ್ತಿರಲಿಲ್ಲ, ಮೊಮ್ಮಗಳಿಗೂ ಗೊತ್ತಿರಲಿಲ್ಲ. ಗಾಡಿಯ ಕೈಪಿಡಿ ತೆಗೆದು ಇಬ್ಬರೂ ಓದತೊಡಗಿದೆವು. ಬಿ.ಕಾಂ. ಓದಿದವನಿಗೆ ಯಂತ್ರ ಅರ್ಥವಾಗದಿದ್ದರೂ ಜಮಾ-ಖರ್ಚು ಅರ್ಥವಾಗುತ್ತದೆ. ಇದು ಪೂರಾ ಜಮಾ-ಖರ್ಚಿನ ವಿಷಯವೇ ಆಗಿತ್ತು.

ಮಕ್ಕಳೇ, ಬೈಕಿನ ಚಕ್ರ ಕಲ್ಲು ಬಂದಾಗ ಮೇಲಕ್ಕೆ ಹೋಗಬೇಕು, ಇದು ಎಲ್ಲರಿಗೂ ಗೊತ್ತು. ಗುಂಡಿ ಬಂದಾಗ ಕೆಳಕ್ಕೂ ಇಳಿಯಬೇಕು, ಇದು ಹೊಳೆಯುವುದಿಲ್ಲ. ಇಳಿಯದಿದ್ದರೆ ಚಕ್ರ ಗಾಳಿಯಲ್ಲಿ ತೇಲುತ್ತದೆ, ತೇಲುವ ಚಕ್ರಕ್ಕೆ ನೆಲದ ಹಿಡಿತವಿಲ್ಲ. ಅದಕ್ಕೇ ಸವಾರ ಕೂತಾಗ ಸ್ಪ್ರಿಂಗ್ ಸ್ವಲ್ಪ ಕುಗ್ಗಿರಬೇಕು. ಆ ಕುಗ್ಗುವಿಕೆಯೇ ಸ್ಯಾಗ್. ಚಕ್ರದ ಒಟ್ಟು ಓಡಾಟದಲ್ಲಿ ಸುಮಾರು ಮೂರನೇ ಒಂದು ಭಾಗ ಗುಂಡಿಗಳಿಗೆ ಮೀಸಲು, ಉಳಿದದ್ದು ಕಲ್ಲುಗಳಿಗೆ. ಈ ಗಾಡಿಯ ಹಿಂಚಕ್ರದ ಓಡಾಟ 220 ಮಿಲಿಮೀಟರ್. ಅಂದರೆ ಅವಳು ಕೂತಾಗ 70ರ ಆಸುಪಾಸು ಕುಗ್ಗಬೇಕು.

ಅಳೆಯಲು ಮೂರು ಜನ ಬೇಕು. ಗಾಡಿಯನ್ನು ಮರದ ಪೆಟ್ಟಿಗೆಯ ಮೇಲೇರಿಸಿ ಹಿಂಚಕ್ರವನ್ನು ನೆಲ ಬಿಡಿಸಿದೆವು. ಚಕ್ರದ ಅಚ್ಚಿನಿಂದ ನೇರ ಮೇಲಕ್ಕೆ, ಮಡ್‌ಗಾರ್ಡಿನ ಮೇಲೆ ಅಂಟಿಸಿದ ಗುರುತಿನವರೆಗೆ ಟೇಪು ಹಿಡಿದದ್ದು ಏಳನೇ ಕ್ಲಾಸಿನ ಮೊಮ್ಮಗ. ನನ್ನ ಮಂಡಿ ಬಗ್ಗುವುದಿಲ್ಲ, ಹಾಗಾಗಿ ನನ್ನದು ಬರವಣಿಗೆ. 612. ಪೆಟ್ಟಿಗೆ ತೆಗೆದು ಬರೀ ಗಾಡಿಯನ್ನು ನೆಲಕ್ಕೆ ನಿಲ್ಲಿಸಿದಾಗ 608. ಆಮೇಲೆ ಅವಳು ಹೆಲ್ಮೆಟ್, ಬೂಟು, ಮಂಡಿಕವಚ, ನೀರಿನ ಚೀಲ ಎಲ್ಲ ಹೊತ್ತು ಕೂತಳು. ಓಡಿಸುವಾಗಿನ ತೂಕವೇ ಅಳತೆಗೂ ಇರಬೇಕು. ಅಕ್ಕಿ ಅಂಗಡಿಯ ತಕ್ಕಡಿಯಲ್ಲಿ ನೋಡಿದರೆ ಎಲ್ಲ ಸೇರಿ 62 ಕಿಲೋ. ಗಾಡಿ ಬೀಳದಂತೆ ಮೆಕ್ಯಾನಿಕ್ ಹ್ಯಾಂಡಲ್ ಹಿಡಿದ. ಟೇಪು 574 ತೋರಿಸಿತು. 612ರಲ್ಲಿ 574 ಕಳೆದರೆ 38.

ಎಪ್ಪತ್ತು ಇರಬೇಕಾದಲ್ಲಿ ಮೂವತ್ತೆಂಟು! ನನ್ನ ಕೌಂಟರಿನಲ್ಲಿ ಸಂಜೆ ಇಷ್ಟು ವ್ಯತ್ಯಾಸ ಬಂದಿದ್ದರೆ ಆ ರಾತ್ರಿ ಮನೆಗೆ ಹೋಗುತ್ತಿರಲಿಲ್ಲ. ಬರೀ ಗಾಡಿಯ ಭಾರಕ್ಕೆ ಕುಗ್ಗಿದ್ದು ನಾಲ್ಕೇ ಮಿಲಿಮೀಟರ್. ಅಂದರೆ ಹಿಂಭಾಗ ಗೂಟದಂತೆ ಎದ್ದು ನಿಂತಿತ್ತು. ಅವಳ ಕಾಲ್ಬೆರಳು ಮಾತ್ರ ನೆಲ ಮುಟ್ಟುತ್ತಿದ್ದುದಕ್ಕೂ, ಬೇರಿನ ಮೇಲೆ ಚಕ್ರ ಒದೆಯುತ್ತಿದ್ದುದಕ್ಕೂ ಕಾರಣ ಸಿಕ್ಕಂತಾಯಿತು.

ಸರಿಪಡಿಸುವುದು ಸುಲಭವೆನಿಸಿತು. ಸ್ಪ್ರಿಂಗಿನ ತಲೆಯ ಮೇಲೆ ಮರೆಯಿರುವ ಒಂದು ಬಳೆ ಇರುತ್ತದೆ. ಅದನ್ನು ಬಿಗಿದರೆ ಸ್ಪ್ರಿಂಗ್ ಮೊದಲೇ ಒತ್ತಿಕೊಂಡಿರುತ್ತದೆ, ಇದಕ್ಕೆ ಪ್ರೀಲೋಡ್ ಎಂದು ಹೆಸರು. ಮೆಕ್ಯಾನಿಕ್ ಬಳೆಯನ್ನು ಎಂಟು ಸುತ್ತು ಸಡಿಲಿಸಿದ. ಮತ್ತೆ ಅಳೆದರೆ ಅವಳು ಕೂತಾಗ 72. ಮೊಮ್ಮಗ ಚಪ್ಪಾಳೆ ತಟ್ಟಿದ. ಆದರೆ ಬರೀ ಗಾಡಿಯ ಕುಗ್ಗುವಿಕೆ ಈಗ 38 ಆಗಿತ್ತು. ಅದು ಮೂವತ್ತರ ಹತ್ತಿರವಿರಬೇಕಿತ್ತು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಹೆಚ್ಚುತ್ತದೆ. ಲೆಕ್ಕ ತಾಳೆಯಾಗಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎದ್ದು ದೀಪ ಹಾಕಿ ಲೆಡ್ಜರ್ ನೋಡಿದೆ. ಮೊದಲ ಸಲ 38ರಲ್ಲಿ 4 ಕಳೆದರೆ 34. ಎರಡನೆಯ ಸಲ 72ರಲ್ಲಿ 38 ಕಳೆದರೂ 34. ಬಳೆಯನ್ನು ಎಷ್ಟೇ ತಿರುಗಿಸಿದರೂ ಮೊಮ್ಮಗಳ ಭಾರಕ್ಕೆ ಆ ಸ್ಪ್ರಿಂಗ್ ಕೊಡುವುದು 34 ಮಾತ್ರ!

ಇದನ್ನು ಮುನ್ನೂರೈವತ್ತು ವರ್ಷಗಳ ಹಿಂದೆಯೇ ಇಂಗ್ಲೆಂಡಿನ ರಾಬರ್ಟ್ ಹುಕ್ ಕಂಡುಕೊಂಡಿದ್ದ. ಸ್ಪ್ರಿಂಗ್ ಎಷ್ಟು ಎಳೆಯುತ್ತದೋ ಅಷ್ಟೇ ಪ್ರಮಾಣದ ಬಲ. ಬೇರೆ ಯಾರೂ ತನ್ನದೆನ್ನಬಾರದೆಂದು 1676ರಲ್ಲಿ ಆ ನಿಯಮದ ಲ್ಯಾಟಿನ್ ಅಕ್ಷರಗಳನ್ನು ಬಿಡಿಸಿ, ವರ್ಣಮಾಲೆಯ ಕ್ರಮದಲ್ಲಿ ಕಲಸಿ ಅಚ್ಚು ಹಾಕಿಸಿದ. ಎರಡು ವರ್ಷ ಬಿಟ್ಟು 1678ರಲ್ಲಿ ಒಗಟು ಬಿಡಿಸಿ ಹೇಳಿದ. ಎಂಥ ಜಿಪುಣ!

ನೀವೂ ಯೋಚಿಸಿ. ಒಂದು ಕಿಲೋ ಅಕ್ಕಿಗೆ ಒಂದಂಗುಲ ಕುಗ್ಗುವ ಸ್ಪ್ರಿಂಗ್ ಇದೆ ಎನ್ನಿ. ಅದನ್ನು ಮೊದಲೇ ಒಂದಂಗುಲ ಒತ್ತಿ ದಾರ ಕಟ್ಟಿದರೆ ಮೊದಲ ಕಿಲೋಗೆ ಅಲುಗುವುದಿಲ್ಲ. ಆಮೇಲೆ ಪ್ರತಿ ಕಿಲೋಗೂ ಹಿಂದಿನಂತೆ ಒಂದೊಂದಂಗುಲವೇ. ಪ್ರೀಲೋಡ್ ಎಂದರೆ ಖಾತೆಯ ಮಿನಿಮಮ್ ಬ್ಯಾಲೆನ್ಸ್ ಇದ್ದಂತೆ. ಅದನ್ನು ಏರಿಸಿದರೂ ಇಳಿಸಿದರೂ ಬಡ್ಡಿದರ ಬದಲಾಗುವುದಿಲ್ಲ. ಬಡ್ಡಿದರ ಬದಲಾಗಬೇಕಾದರೆ ಸ್ಪ್ರಿಂಗೇ ಬದಲಾಗಬೇಕು. ಸವಾರಳ ಸ್ಯಾಗ್ ಸರಿಯಿದ್ದೂ ಬರೀ ಗಾಡಿ ಹೆಚ್ಚು ಕುಗ್ಗಿದರೆ ಸ್ಪ್ರಿಂಗ್ ಮೆತ್ತಗಿದೆ ಎಂದುಕೊಳ್ಳುತ್ತೇವಲ್ಲವೇ? ಉಲ್ಟಾ. ಅದು ಅವಳಿಗೆ ಗಡುಸು. ನನಗೂ ಇದನ್ನು ಒಪ್ಪಿಕೊಳ್ಳಲು ಎರಡು ಲೋಟ ಕಾಫಿ ಬೇಕಾಯಿತು.

ಬೆಳಿಗ್ಗೆ ಗಾಡಿ ಮಾರಿದವರಿಗೆ ಫೋನ್ ಮಾಡಿಸಿದೆ. ಅರಸೀಕೆರೆಯವರು. ಜೋರಾಗಿ ನಕ್ಕರು. "ಸಾರ್, ನಾನು ತೊಂಬತ್ತೈದು ಕೆ.ಜಿ. ಕಂಪನಿ ಸ್ಪ್ರಿಂಗ್ ನನ್ನನ್ನ ಹೊರಲ್ಲ ಅಂತ ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದೆ. ಹೇಳೋದು ಮರೆತೇಹೋಯ್ತು. ಹಳೇದು ಅಟ್ಟದ ಮೇಲಿದೆ, ಬನ್ನಿ."

ಮೊಮ್ಮಗಳು ಫೋನಿನ ಪಕ್ಕದಲ್ಲೇ ನಿಂತಿದ್ದಳು. "ಹಂಗಾದ್ರೆ ಇಷ್ಟು ದಿನ ನಾನು ಅವರ ಗಾಡಿ ಓಡಿಸ್ತಿದ್ದೆನಾ?" ಎಂದಳು. ಬಹಳ ದಿನದ ಮೇಲೆ ಅವಳ ದನಿಯಲ್ಲಿ ಸಿಟ್ಟು ಕೇಳಿಸಿತು. ನನಗೆ ಖುಷಿಯಾಯಿತು.

ಒಂದು ಕಿಲೋ ಕಾಫಿಪುಡಿ ಕೊಟ್ಟು ಸ್ಪ್ರಿಂಗ್ ತಂದೆವು. ಹಾಕಿದ್ದು ಮೆಕ್ಯಾನಿಕ್. ಒತ್ತಿಹಿಡಿದ ಸ್ಪ್ರಿಂಗ್ ಜಾರಿದರೆ ಕೈ ಮುರಿಯುತ್ತದೆ, ಶಾಕಿನೊಳಗೆ ಒತ್ತಡದ ಅನಿಲವೂ ಇರುತ್ತದೆ. ಅದು ನಮ್ಮಂಥವರ ಕೆಲಸವಲ್ಲ. ಬಳೆ ಹೊಂದಿಸಿ ಅಳೆದರೆ ಬರೀ ಗಾಡಿ 29, ಸವಾರಳೊಂದಿಗೆ 71. ನಡುವಿನ ಅಂತರ 42. ಲೆಡ್ಜರಿನಲ್ಲಿ ಕೆಂಪು ಗೆರೆ ಎಳೆದೆ.

ಎಳೆದ ಮೇಲೆ ಅಳುಕು ಶುರುವಾಯಿತು. ಸರಿಯಾಗಿದೆ ಎಂದು ನಾನೇ ಬರೆದುಕೊಟ್ಟು, ಆಮೇಲೆ ಅವಳು ಬಿದ್ದರೆ? ಮಣಿಕಟ್ಟು ವಾಸಿಯಾಗುವವರೆಗೆ ಎರಡು ವಾರ ಕಾಯಿಸಿದೆ. ತಿಂಗಳ ಕೊನೆಯ ಭಾನುವಾರ ಮಗನಿಗೂ ಹೇಳಿದೆ, "ನೀನೂ ಬಾ. ನೋಡಿ ಆಮೇಲೆ ಮಾರು." ಅವನು ಮಾತಿಲ್ಲದೆ ಕಾರು ತೆಗೆದ.

ತೋಟದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಇನ್ನೊಂದು ತಿರುಪಿನ ಕೆಲಸ ಬಾಕಿಯಿತ್ತು. ಅದು ರೀಬೌಂಡ್, ಅಂದರೆ ಕುಗ್ಗಿದ ಸ್ಪ್ರಿಂಗ್ ಎಷ್ಟು ಬೇಗ ಹಿಂದಕ್ಕೆ ಚಿಮ್ಮಬೇಕೆಂಬ ಲೆಕ್ಕ. ಬ್ಯಾಂಕಿನ ಬಾಗಿಲ ಮೇಲೆ ತಾನಾಗಿ ಮುಚ್ಚಿಸುವ ಡಬ್ಬಿ ಇರುತ್ತದಲ್ಲ, ಅದರೊಳಗೆ ಸ್ಪ್ರಿಂಗೂ ಎಣ್ಣೆಯೂ ಇರುತ್ತವೆ. ಕಿರಿದಾದ ರಂಧ್ರದಲ್ಲಿ ಎಣ್ಣೆ ಹಾಯಬೇಕಾದ್ದರಿಂದ ಬಾಗಿಲು ನಿಧಾನ ಮುಚ್ಚುತ್ತದೆ. ತಿರುಪು ಸಡಿಲವಾದರೆ ಬಾಗಿಲು ರಪ್ಪನೆ ಬಡಿಯುತ್ತದೆ. ತೀರಾ ಬಿಗಿಯಾದರೆ ಮುಚ್ಚುವ ಮೊದಲೇ ಇನ್ನೊಬ್ಬ ಗಿರಾಕಿ ತಳ್ಳುತ್ತಾನೆ, ಪೆನ್ಷನ್ ದಿನವಾದರೆ ಬಾಗಿಲು ತೆರೆದೇ ಇರುತ್ತದೆ. ಬೈಕಿನ ಶಾಕಿನಲ್ಲೂ ಹಾಗೆಯೇ. ಬೇರಿನ ಮೇಲೆ ಬೇರು ಬಂದಾಗ ಚಕ್ರ ಹಿಂದಿರುಗದೆ ಕುಗ್ಗಿ ಕುಗ್ಗಿ ಕೊನೆಗೆ ಮರದ ತುಂಡಿನಂತಾಗುತ್ತದೆ.

ಹಳೆಯ ಯಜಮಾನರು ತಮ್ಮ ಗಟ್ಟಿ ಸ್ಪ್ರಿಂಗಿಗೆ ತಕ್ಕಂತೆ ಅದನ್ನು ಬಿಗಿಯಾಗಿಟ್ಟಿದ್ದರು. ಪೂರ್ತಿ ಮುಚ್ಚಿದ ಸ್ಥಿತಿಯಿಂದ ಎಣಿಸಿದರೆ ನಾಲ್ಕೇ ಕ್ಲಿಕ್. ನಮ್ಮ ನಿಯಮ ಒಂದೇ: ಒಂದು ಸುತ್ತಿಗೆ ಒಂದೇ ತಿರುಪು, ಎರಡೇ ಕ್ಲಿಕ್, ಬಂದ ತಕ್ಷಣ ಬರೆಯಬೇಕು. ನಾಲ್ಕರಲ್ಲಿ, ಮೂರನೆಯ ಬೇರು ಪೆಟ್ಟು ಕೊಟ್ಟಿತು ಎಂದಳು. ಆರರಲ್ಲಿ ಸ್ವಲ್ಪ ವಾಸಿ. ಎಂಟರಲ್ಲಿ ಅವಳು ಏನೂ ಹೇಳಲೇ ಇಲ್ಲ, ಹೆಲ್ಮೆಟ್ಟಿನೊಳಗೆ ನಗುತ್ತಿದ್ದಳು. ಮುಂದಿನ ಫೋರ್ಕಿನ ಕಥೆಯೂ ಇದೇ ಧಾಟಿಯದು, ಬರೆಯುತ್ತಾ ಕೂತರೆ ಸಂಪಾದಕರು ಕತ್ತರಿ ತೆಗೆಯುತ್ತಾರೆ.

ಅಷ್ಟರಲ್ಲಿ ಕೆಳಗಿನ ಗದ್ದೆಯ ಕೆಸರಿನಲ್ಲಿ ಒಮ್ಮೆ ಬಿದ್ದಳು. ನನ್ನ ಎದೆ ಧಸಕ್ಕೆಂದಿತು. ಮಗ ಓಡಿದ. ಅವನು ಅಲ್ಲಿಗೆ ಮುಟ್ಟುವ ಮೊದಲೇ ಗಾಡಿ ಎತ್ತಿ ನಿಲ್ಲಿಸಿ, "ಅದು ನಂದೇ ತಪ್ಪು ಅಪ್ಪ, ಬ್ರೇಕ್ ಜಾಸ್ತಿ ಒತ್ತಿದೆ" ಎಂದಳಂತೆ. ಅವನು ಗದ್ದೆಯಿಂದ ವಾಪಸು ಬರಲಿಲ್ಲ. ಹಲಸಿನ ಮರದ ಹತ್ತಿರ ಹೋಗಿ, ಪ್ಯಾಂಟು ಮಡಚಿ, ಬೇರುಗಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಹಿಂಚಕ್ರವನ್ನೇ ನೋಡತೊಡಗಿದ. ಅಲ್ಲಿಂದಲೇ ಮಗನನ್ನು ಕೂಗಿ ನನ್ನ ಲೆಡ್ಜರನ್ನೂ ಪೆನ್ನನ್ನೂ ತರಿಸಿಕೊಂಡ.

ಸಂಜೆ ಕಾರಿನಲ್ಲಿ ಕನ್ನಡಕ ಹಾಕಿಕೊಂಡು ನೋಡಿದೆ. ಕೊನೆಯ ಮೂರು ಸಾಲು ಅವನ ಅಕ್ಷರದಲ್ಲಿದ್ದವು.

"12 ಕ್ಲಿಕ್: ಒದೆಯುತ್ತದೆ. ಬೇಡ.

10 ಕ್ಲಿಕ್: ನಾಲ್ಕೂ ಬೇರಿನ ಮೇಲೆ ಚಕ್ರ ನೆಲ ಬಿಡಲಿಲ್ಲ.

ಮುಂದಿನ ಭಾನುವಾರ: ಬ್ರೇಕ್ ಲಿವರ್ ಅವಳ ಬೆರಳಿಗೆ ದೂರ, ಹತ್ತಿರ ಮಾಡಬೇಕು."