ಕಾಗದವಿಲ್ಲದ ಜೀಪು

ಮಲೆನಾಡಿನ ತೋಟವೊಂದರಿಂದ ವಾಚಕರೊಬ್ಬರು ನಮಗೆ ಬರೆದಿರುವರು. ಕಾಲವಾದ ತಂದೆಯವರ ಜೀಪೊಂದು ಮೂವತ್ತು ವರ್ಷಗಳಿಂದ ಕೊಟ್ಟಿಗೆಯಲ್ಲಿ ನಿಂತಿದೆಯಂತೆ. ಆರ್.ಸಿ. ಪುಸ್ತಕವಿಲ್ಲ, ನಂಬರಿನ ಫಲಕವಿಲ್ಲ, ಷಾಸಿಯ ಮೇಲೆ ಕಾಣತಕ್ಕ ಅಂಕೆಯೂ ಇಲ್ಲ. ಗುಜರಿಗೆ ಹಾಕಲು ತಾಯಿಯವರು ಒಪ್ಪರು. ಇಷ್ಟರಲ್ಲಿ ದಲ್ಲಾಳಿಯೊಬ್ಬನು ಬಂದು, ಕೆಟ್ಟುಹೋದ ಬೇರೊಂದು ಜೀಪಿನ ಕಾಗದಗಳನ್ನು ಕೊಡಿಸುವುದಾಗಿಯೂ, ಅದರ ನಂಬರನ್ನೇ ಈ ಷಾಸಿಗೆ ಹೊಡೆಯಿಸಿದರೆ ಕೆಲಸ ಮುಗಿಯಿತೆಂದೂ ಹೇಳಿರುವನು. ಹಾಗೆ ಮಾಡಬಹುದೇ ಎಂದು ಅವರ ಪ್ರಶ್ನೆ.

ಸರ್ವಥಾ ಕೂಡದು. ಅಪಘಾತವಾಗಿ ವಿಮೆಯವರು ಷಾಸಿಯನ್ನು ಪರೀಕ್ಷಿಸಿದ ದಿನ, ತಂದೆಯ ಸ್ವಂತ ಜೀಪೇ ಕಳವಿನ ಮಾಲೆನಿಸಿ ಮಗನು ಠಾಣೆಯ ಮೆಟ್ಟಿಲು ಹತ್ತಬೇಕಾದೀತು. ದಲ್ಲಾಳಿಯು ಆಗ ಯಾವ ಊರಿನಲ್ಲಿರುವನೋ!

ಮೊದಲು ಜೀಪು ಯಾವುದೆಂಬುದನ್ನು ತಿಳಿಯಬೇಕು. ಎರಡನೆಯ ಮಹಾಯುದ್ಧದಲ್ಲಿ, ೧೯೪೧ರಿಂದ ೧೯೪೫ರವರೆಗೆ, ವಿಲ್ಲಿಸ್ ಕಂಪೆನಿಯು ಸುಮಾರು ೩,೬೦,೦೦೦ ಜೀಪುಗಳನ್ನೂ, ಅದೇ ನಮೂನೆಯಂತೆ ಫೋರ್ಡ್ ಕಂಪೆನಿಯು ಸುಮಾರು ೨,೮೦,೦೦೦ ಜೀಪುಗಳನ್ನೂ ಮಾಡಿದವು. ೧೯೪೭ರಿಂದ ಮುಂಬಯಿಯಲ್ಲಿ ಮಹೀಂದ್ರ ಕಂಪೆನಿಯವರು ಜೀಪುಗಳನ್ನು ಜೋಡಿಸತೊಡಗಿದರು. ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳುಗಳಿದ್ದರೆ ಯುದ್ಧಕಾಲದ ಗಾಡಿ. ಏಳಿದ್ದು, ದೀಪಗಳು ದೊಡ್ಡವಾಗಿ ಹೊರಕ್ಕೆ ಚಾಚಿದ್ದರೆ ನಾಗರಿಕರಿಗೆಂದು ಮಾಡಿದ್ದು. ಜಾಲರಿಯು ಬದಲಾಗಿರಬಹುದೆಂಬ ಸಂಶಯವಿದ್ದಲ್ಲಿ ರೇಡಿಯೇಟರಿನ ಕೆಳಗೆ ಬಗ್ಗಿ ನೋಡಿರಿ. ಅಲ್ಲಿಯ ಅಡ್ಡಪಟ್ಟಿಯು ಕೊಳವೆಯಂತೆ ದುಂಡಾಗಿದ್ದರೆ ಯುದ್ಧದ ವಿಲ್ಲಿಸ್, ಬೋರಲು ಹಾಕಿದ ತೊಟ್ಟಿಯಂತೆ ಚೌಕವಾಗಿದ್ದರೆ ಫೋರ್ಡ್. ಫೋರ್ಡಿನವರು ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರವನ್ನು ಒತ್ತಿಸುತ್ತಿದ್ದರು. ಅವರ ಅಭಿಮಾನವು ನಮಗೆ ಇಂದು ಉಪಕಾರವಾಗಿದೆ.

ಇದನ್ನು ತಿಳಿಯುವುದು ಯಾತಕ್ಕೆಂದರೆ, ನಂಬರನ್ನು ಹುಡುಕತಕ್ಕ ಸ್ಥಳವು ಅದರಂತೆ ಬೇರೆಯಾಗುವುದು. ವಿಲ್ಲಿಸಿನಲ್ಲಿ ಅದು ಮುಂದಿನ ಬಂಪರಿನ ಹಿಂದೆ, ಎಡ ಚೌಕಟ್ಟಿನ ಒಳಮೈಗೆ ರಿವೆಟ್ಟು ಮಾಡಿದ ಸಣ್ಣ ತಗಡಿನ ಮೇಲಿರುವುದು; ತಗಡು ಬಿದ್ದುಹೋದರೆ ನಂಬರೂ ಹೋಯಿತು. ಫೋರ್ಡಿನಲ್ಲಿ ಎಡ ಚೌಕಟ್ಟಿನ ಮೇಲ್ಮೈಯ ಕಬ್ಬಿಣಕ್ಕೇ ಒತ್ತಿರುವುದರಿಂದ ಬಣ್ಣದ ಪದರಗಳಡಿಯಲ್ಲಿ ಇನ್ನೂ ಉಳಿದಿರಬಹುದು. ಬಣ್ಣ ಕರಗಿಸುವ ದ್ರವವನ್ನು ಹಚ್ಚಿ, ಬಟ್ಟೆಯಿಂದ ಒರಸಿ, ತೆಳುಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿರಿ. ಗ್ರೈಂಡರನ್ನಾಗಲಿ ಮರಳಿನ ಹೊಡೆತವನ್ನಾಗಲಿ ಅಲ್ಲಿಗೆ ತಾಕಿಸಬೇಡಿರಿ. ಎಂಜಿನ್ ನಂಬರು ಹೊಂದದಿದ್ದರೆ ಗಾಬರಿಯಾಗಬೇಕಾದುದಿಲ್ಲ. ಇಷ್ಟು ಹಳೆಯ ಗಾಡಿಗಳಲ್ಲಿ ಎಂಜಿನ್ ಬದಲಾಗಿರುವುದೇ ಹೆಚ್ಚು.

ಆಮೇಲೆ ಮನೆಯನ್ನು ಶೋಧಿಸತಕ್ಕದ್ದು. ತೆರಿಗೆಯ ರಸೀದಿ, ವಿಮೆಯ ಪತ್ರ, ತೋಟದ ಲೆಕ್ಕದ ಪುಸ್ತಕ, ಮದುವೆಯ ಫೋಟೋ, ಇವುಗಳಲ್ಲಿ ಎಲ್ಲಿಯಾದರೂ ‘ಎಂ.ವೈ.’ ಎಂದು ತೊಡಗುವ ಹಳೆಯ ಮೈಸೂರು ನಂಬರು ಸಿಕ್ಕೀತು. ತಾಯಿಯವರನ್ನೇ ಮೊದಲು ಕೇಳಿರಿ. ಗಾಡಿಯ ನಂಬರನ್ನು ಮಕ್ಕಳಿಗಿಂತ ಅವರೇ ನೆನಪಿಟ್ಟಿರುವುದುಂಟು. ನಂಬರು ಸಿಕ್ಕಿದರೆ, ಪುಸ್ತಕ ಕಳೆದ ಬಗ್ಗೆ ಪೋಲೀಸರಿಗೆ ದೂರು ಕೊಟ್ಟು, ಮೊದಲು ನೋಂದಣಿಯಾದ ಸಾರಿಗೆ ಕಚೇರಿಯಲ್ಲಿ ೨೬ನೆಯ ನಮೂನೆಯಲ್ಲಿ ನಕಲನ್ನೂ, ೩೧ನೆಯ ನಮೂನೆಯಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆಯನ್ನೂ ಬೇಡಬೇಕು. ಷಾಸಿಯಲ್ಲಿ ಅಂಕೆ ಅಳಿದಿದ್ದರೆ ಅದನ್ನೂ ಬರೆದು ತಿಳಿಸಿ, ಅಧಿಕಾರಿಯ ಅಪ್ಪಣೆಯಿಲ್ಲದೆ ಒಂದಂಕೆಯನ್ನೂ ಹೊಡೆಯಿಸಬಾರದು.

೨೦೨೧ರ ಜುಲೈಯಲ್ಲಿ ಕೇಂದ್ರ ಸರಕಾರವು ೫೦ ವರ್ಷ ದಾಟಿದ ಗಾಡಿಗಳಿಗೆ ‘ವಿ.ಎ.’ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿತು. ಹೊಸ ನೋಂದಣಿಗೆ ಶುಲ್ಕ ೨೦,೦೦೦ ರೂಪಾಯಿ. ಇದರಿಂದ ಕಾಗದದ ತೊಂದರೆ ತಪ್ಪಿತೆಂದು ಕೆಲವರು ತಿಳಿದಿರುವರು. ಹಾಗಿಲ್ಲ. ಇಲ್ಲಿ ಹಿಂದೆ ನೋಂದಣಿಯಾದ ಗಾಡಿಗೆ ಹಳೆಯ ಆರ್.ಸಿ.ಯನ್ನು ಆ ನಿಯಮವೂ ಕೇಳುವುದು. ಅಲ್ಲದೆ ಅಂಥ ಗಾಡಿಯನ್ನು ದಿನಬಳಕೆಗೆ ರಸ್ತೆಯಲ್ಲಿ ಓಡಿಸುವಂತಿಲ್ಲ.

ಆದಕಾರಣ ಕಾಗದದ ದಾರಿ ಕಾಣುವವರೆಗೆ ದೊಡ್ಡ ಖರ್ಚಿಗೆ ಕೈಹಾಕಬೇಡಿರಿ. ತುಕ್ಕನ್ನು ಮಾತ್ರ ತಡೆಯಿರಿ. ಯುದ್ಧದ ಜೀಪಿನಲ್ಲಿ ಪೆಟ್ರೋಲಿನ ಟ್ಯಾಂಕು ಚಾಲಕನ ಆಸನದಡಿಯಲ್ಲಿಯೇ ಇರುವುದರಿಂದ, ಬೆಸುಗೆಗೆ ಮುಂಚೆ ಅದನ್ನು ಕಳಚಿ ದೂರವಿಡತಕ್ಕದ್ದು.

ಬಣ್ಣದ ವಿಷಯವಾಗಿಯೂ ಅವರು ಕೇಳಿರುವರು. ಸೈನ್ಯದ ಆಲಿವ್ ಹಸುರನ್ನು ಬಳಿಯುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ ೧೨೧ನೆಯ ನಿಯಮವು ಅದನ್ನು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ ಮೀಸಲಿರಿಸಿದೆ. ತಂದೆಯವರ ಕಾಲದಲ್ಲಿ ಯಾವ ಬಣ್ಣವಿತ್ತೆಂದು ಡ್ಯಾಷಿನ ಹಿಂಬದಿಯನ್ನು ನೋಡಿದರೆ ತಿಳಿದೀತು.