ಬೆಟ್ಟಕ್ಕೆ ಒಯ್ಯುವ ರೇಡಿಯೊಗೆ ಬಾಯಿ ಬೇಕಿಲ್ಲ

ಹ್ಯಾಮ್ ರೇಡಿಯೊ ಹವ್ಯಾಸಿಗಳು ಹೊಸ ಸೆಟ್ ಕೊಳ್ಳುವಾಗ ಮೊದಲು ಕೇಳುವುದು ‘ಎಷ್ಟು ವ್ಯಾಟ್?’ ಎಂದು. ಆಮೇಲೆ ‘ಎಷ್ಟು ಬ್ಯಾಂಡ್?’ ಮನೆಯ ಮೇಜಿನ ಮೇಲಿಡುವ ಸೆಟ್ಟಿಗಾದರೆ ಎರಡೂ ಸರಿಯಾದ ಪ್ರಶ್ನೆಗಳೇ. ಬೆನ್ನಿಗೆ ಹೇರಿಕೊಂಡು ಬೆಟ್ಟ ಹತ್ತಿ, ಬಂಡೆಯ ಮೇಲೆ ಕೂತು ಚುಕ್ಕಿ-ಗೆರೆಗಳ ಮೋರ್ಸ್ ಸಂಕೇತ ಕುಟ್ಟುವ ಸೆಟ್ಟಿನ ಮಾತು ಬಂದಾಗ ಮಾತ್ರ ನಾನು ಕೇಳುವುದು ಬೇರೆ. ಏನೂ ಕಳಿಸದೆ ಬರೀ ಆಲಿಸುತ್ತಾ ಕೂತಾಗ ಅದು ಬ್ಯಾಟರಿಯಿಂದ ಎಷ್ಟು ಮಿಲಿಆಂಪಿಯರ್ ಎಳೆಯುತ್ತದೆ? ಅಂಗಡಿಯವರು ಇದನ್ನು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕುವುದಿಲ್ಲ. ಕೈಪಿಡಿಯ ಕೊನೆಯ ಪುಟಗಳಲ್ಲಿ ಹುಡುಕಬೇಕು.

ನಾನು ತೀರ್ಥಹಳ್ಳಿ ಸೀಮೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಮಂಡಿ ಮೊದಲಿನಂತಿಲ್ಲ. ಆದ್ದರಿಂದ ಚೀಲದ ತೂಕದ ವಿಚಾರದಲ್ಲಿ ನನ್ನ ಮಾತಿಗೆ ಕೊಂಚ ಬೆಲೆಯಿದೆ ಎಂದುಕೊಂಡಿದ್ದೇನೆ.

ಈ ಹವ್ಯಾಸದ ಪರಿಚಯ ಇಲ್ಲದವರಿಗೆ ಎರಡು ಮಾತು. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಪರೀಕ್ಷೆ ಮಾಡಿ ಪರವಾನಗಿ ಕೊಡುತ್ತದೆ, ‘ವಿಯು’ ಎಂದು ಶುರುವಾಗುವ ಒಂದು ಕರೆಹೆಸರು ಸಿಗುತ್ತದೆ. ನಾನು ಪರೀಕ್ಷೆ ಕಟ್ಟಿದಾಗ ಜನರಲ್ ದರ್ಜೆಯವರು ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಕಳಿಸಿ, ಬರೆದುಕೊಂಡು ತೋರಿಸಬೇಕಿತ್ತು. ದೇಶದ ತಂತಿ ಸೇವೆ 2013ರ ಜುಲೈನಲ್ಲಿ ಮುಚ್ಚಿತು. ಮೋರ್ಸ್ ಅದರೊಡನೆ ಸಾಯಲಿಲ್ಲ. 7 ಮೆಗಾಹರ್ಟ್ಸ್ ಪಟ್ಟಿಯ ಕೆಳತುದಿಯಲ್ಲಿ ಯಾವ ಬೆಳಿಗ್ಗೆ ಕಿವಿಗೊಟ್ಟರೂ ಕೇಳುತ್ತದೆ.

ಮೋರ್ಸ್ ಸೆಟ್ ಇಷ್ಟು ಚಿಕ್ಕದಾಗುವುದು ಹೇಗೆ ಎನ್ನುವುದೇ ನನಗೆ ಇಡೀ ವಿಷಯದ ಸ್ವಾರಸ್ಯ. ಧ್ವನಿ ಕಳಿಸುವ ಸೆಟ್ಟಿನಲ್ಲಿ ಮಾತಿನ ಏರಿಳಿತ ಕೆಡದಂತೆ ಶಕ್ತಿ ಹೆಚ್ಚಿಸಬೇಕು. ಹಾಗೆ ಹೆಚ್ಚಿಸುವ ಸರ್ಕ್ಯೂಟು ತಾನು ತಿನ್ನುವ ವಿದ್ಯುತ್ತಿನಲ್ಲಿ ಅರ್ಧಕ್ಕರ್ಧ ಶಾಖವಾಗಿ ಕಳೆಯುತ್ತದೆ. ಶಾಖ ಹೊರಹಾಕಲು ಲೋಹದ ದಪ್ಪ ಬೆನ್ನು ಬೇಕು, ಅದಕ್ಕೆ ತಕ್ಕ ಬ್ಯಾಟರಿ ಬೇಕು. ಮೋರ್ಸ್‌ನಲ್ಲಿ ಏರಿಳಿತವೇ ಇಲ್ಲ. ಅಲೆ ಇದೆ ಅಥವಾ ಇಲ್ಲ, ಅಷ್ಟೇ. ಟ್ರಾನ್ಸಿಸ್ಟರನ್ನು ಬರೀ ಸ್ವಿಚ್ಚಿನಂತೆ ದುಡಿಸಬಹುದು. ಇದನ್ನು ಕ್ಲಾಸ್-ಇ ಎನ್ನುತ್ತಾರೆ. ಕ್ಯೂಆರ್‌ಪಿ ಲ್ಯಾಬ್ಸ್‌ನ ಹ್ಯಾನ್ಸ್ ಸಮರ್ಸ್ ವಿನ್ಯಾಸ ಮಾಡಿದ ಕ್ಯೂಸಿಎಕ್ಸ್ ಸೆಟ್ಟಿನಲ್ಲಿ 5 ವ್ಯಾಟ್ ಕೊಡುವುದು ಬಿಎಸ್170 ಎಂಬ ಮೂರು ಪುಟ್ಟ ಟ್ರಾನ್ಸಿಸ್ಟರುಗಳು. ನೋಡಲು ಕಡಲೆಬೇಳೆಗಿಂತ ಒಂಚೂರು ದೊಡ್ಡವು, ಅಷ್ಟೆ. ಪ್ರತ್ಯೇಕ ಹೀಟ್‌ಸಿಂಕ್ ಬೇಕಿಲ್ಲ, ಮೈಕ್ ಬೇಕಿಲ್ಲ. ಅದರ ಮಿನಿ ಅವತಾರ ಸುಮಾರು 200 ಗ್ರಾಂ ತೂಗುತ್ತದೆ, ಅಂಗೈಯಲ್ಲಿ ಕೂರುತ್ತದೆ.

ಇನ್ನು ವ್ಯಾಟಿನ ಮೋಹ. 100 ವ್ಯಾಟಿನಿಂದ 5 ವ್ಯಾಟಿಗೆ ಇಳಿದರೆ ಕಳೆದುಕೊಳ್ಳುವುದು 13 ಡೆಸಿಬಲ್. ಕೇಳುವವನ ಸೆಟ್ಟಿನ ಮೀಟರಿನಲ್ಲಿ ಅದು ಸುಮಾರು ಎರಡು ಮನೆ. ಮುಳ್ಳು ಒಂಬತ್ತರ ಬದಲು ಏಳರಲ್ಲಿ ನಿಲ್ಲುತ್ತದೆ, ಮಾತುಕತೆ ನಿಲ್ಲುವುದಿಲ್ಲ. ಹಾಗಿದ್ದ ಮೇಲೆ 5 ವ್ಯಾಟಿನ ಬದಲು 10 ವ್ಯಾಟಿನದು ಬೇಕು ಎಂದು ದುಪ್ಪಟ್ಟು ಹೊರುವವರಿಗೆ ಸಿಗುವುದು 3 ಡೆಸಿಬಲ್, ಅಂದರೆ ಅರ್ಧ ಮನೆ. ಅದೇ ಶ್ರಮವನ್ನು ಆ್ಯಂಟೆನಾ ತಂತಿಯನ್ನು ಮೂರು ಮೀಟರ್ ಮೇಲಕ್ಕೆ ಕಟ್ಟುವುದರಲ್ಲಿ ಹಾಕಲಿ, ಹೆಚ್ಚು ಪ್ರಯೋಜನ. ಮೋರ್ಸ್‌ಗೆ ಬೇಕಾದ ಜಾಗವೂ ಕಿರಿದು. ಮಾತಿನ ಸಂಕೇತ ಎರಡೂವರೆ ಕಿಲೋಹರ್ಟ್ಸ್ ಆಸುಪಾಸು ಹರಡಿದರೆ, ಮೋರ್ಸನ್ನು ಕೆಲವು ನೂರು ಹರ್ಟ್ಸ್‌ನ ಫಿಲ್ಟರಿನಲ್ಲಿ ಸೋಸಿ ಕೇಳಬಹುದು. ಗದ್ದಲದ ಬಹುಪಾಲು ಹೊರಗೇ ಉಳಿಯುತ್ತದೆ.

ಈಗ ಬ್ಯಾಟರಿಯ ಲೆಕ್ಕ. ಈ ಶತಮಾನದ ಆರಂಭದಲ್ಲಿ ಬಂದ ಯೇಸು ಕಂಪನಿಯ ಎಫ್‌ಟಿ-817 ಬಹಳ ಒಳ್ಳೆಯ ಸೆಟ್. ಒಂದು ತಲೆಮಾರನ್ನೇ ಮನೆಯಿಂದ ಹೊರಗೆ ಎಳೆದುಕೊಂಡು ಬಂದಿದ್ದು ಅದು. ಮಾತು, ಮೋರ್ಸ್, ಎಫ್‌ಎಂ ಎಲ್ಲವೂ ಇದೆ. ಆದರೆ ಆಲಿಸುವಾಗಲೇ ಅದು 400 ಮಿಲಿಆಂಪಿಯರ್ ಆಸುಪಾಸು ಕುಡಿಯುತ್ತದೆ, ಕಳಿಸುವಾಗ 2 ಆಂಪಿಯರ್. ಬರೀ ಮೋರ್ಸ್‌ಗೆಂದೇ ಮಾಡಿದ ಚಿಕ್ಕ ಸೆಟ್ಟುಗಳು ಆಲಿಸಲು ತೆಗೆದುಕೊಳ್ಳುವುದು 20ರಿಂದ 80 ಮಿಲಿಆಂಪಿಯರ್. ಬೆಟ್ಟದ ಮೇಲೆ ಐದು ಗಂಟೆ ಕೂತರೆ ನಾಲ್ಕು ಗಂಟೆ ಆಲಿಸುವುದೇ ಆಗುತ್ತದೆ. ಉಳಿದ ಒಂದು ಗಂಟೆಯಲ್ಲೂ ಕೀ ಒತ್ತಿರುವುದು ಹೆಚ್ಚೆಂದರೆ ಅರ್ಧ ಹೊತ್ತು. ಕೂಡಿಸಿ ನೋಡಿ: ದೊಡ್ಡಣ್ಣನಿಗೆ ಎರಡೂವರೆ ಆಂಪಿಯರ್-ಗಂಟೆಗಿಂತ ಹೆಚ್ಚು ಬೇಕು, ಚಿಕ್ಕವನಿಗೆ ಅರ್ಧ ಆಂಪಿಯರ್-ಗಂಟೆಯ ಆಸುಪಾಸು ಸಾಕು. ಮೂರು ಲಿಥಿಯಂ ಸೆಲ್‌ಗಳ, 150 ಗ್ರಾಂ ತೂಕದ ಒಂದು ಪ್ಯಾಕ್ ಚಿಕ್ಕ ಸೆಟ್ಟನ್ನು ಎರಡು ಮೂರು ದಿನ ನಡೆಸುತ್ತದೆ. ಒಂದು ಎಚ್ಚರಿಕೆ: ಮೂರು ಸೆಲ್‌ಗಳ ಪ್ಯಾಕ್ ಪೂರ್ತಿ ತುಂಬಿದಾಗ 12.6 ವೋಲ್ಟ್ ಇರುತ್ತದೆ. ಕೆಲವು ಸೆಟ್ಟುಗಳಿಗೆ ಅಷ್ಟು ತಡೆಯುವ ಶಕ್ತಿ ಇಲ್ಲ. ಎಷ್ಟು ವೋಲ್ಟಿನದು ಎಂದು ಮೊದಲೇ ಕೇಳಿಕೊಳ್ಳಬೇಕು, ಇಲ್ಲವಾದರೆ ಆ ಪುಟ್ಟ ಟ್ರಾನ್ಸಿಸ್ಟರುಗಳು ಒಂದೇ ಕ್ಷಣದಲ್ಲಿ ಹೋಗುತ್ತವೆ.

ಬ್ಯಾಂಡ್ ಎಷ್ಟಿರಬೇಕು? ನನ್ನ ಅಭಿಪ್ರಾಯದಲ್ಲಿ ಎರಡು ಸಾಕು, ಮೂರಿದ್ದರೆ ಐಷಾರಾಮ. 40 ಮೀಟರ್, ಅಂದರೆ 7 ಮೆಗಾಹರ್ಟ್ಸ್, ಬೆಳಿಗ್ಗೆ ಹಾಗೂ ಇಳಿಹೊತ್ತಿನಲ್ಲಿ ಬೆಂಗಳೂರು, ಹೈದರಾಬಾದ್, ಚೆನ್ನೈನವರನ್ನು ಮಾತಾಡಿಸಲು. 20 ಮೀಟರ್, ಅಂದರೆ 14 ಮೆಗಾಹರ್ಟ್ಸ್, ಸಂಜೆ ದೂರದೇಶದವರಿಗೆ. ಅಮೆರಿಕದ ಸ್ಟೀವ್ ವೆಬರ್ ರೂಪಿಸಿದ ಮೌಂಟನ್ ಟಾಪರ್‌ನ ಮೂರು ಬ್ಯಾಂಡಿನ ಮಾದರಿ 40, 30 ಮತ್ತು 20 ಮೀಟರಿಗೆ ಸೀಮಿತ. ಬೆಟ್ಟ ಹತ್ತುವವನ ಕಷ್ಟ ಗೊತ್ತಿದ್ದವರು ಮಾಡಿದ್ದು ಎಂದು ನೋಡಿದರೇ ತಿಳಿಯುತ್ತದೆ. ಇನ್ನು ಎಲೆಕ್ರಾಫ್ಟ್ ಕಂಪನಿ 2023ರಲ್ಲಿ ತಂದ ಕೆಎಚ್1 ಅನ್ನು ಕೈಯಲ್ಲಿ ಹಿಡಿದು ನಡೆಯುತ್ತಲೇ ಮೋರ್ಸ್ ಕಳಿಸಬಹುದು. ನಡೆಯುತ್ತಾ ಮೋರ್ಸ್ ಏಕೆ ಕಳಿಸಬೇಕು ಎಂಬುದು ನನಗೆ ಅರ್ಥವಾಗಿಲ್ಲ, ಬೆಲೆಯಂತೂ ನನ್ನ ಪಿಂಚಣಿಗೆ ಒಗ್ಗುವಂಥದ್ದಲ್ಲ. ಆದರೂ ಅದನ್ನು ಮಾಡಿದವರ ಕೈಚಳಕಕ್ಕೆ ಮೆಚ್ಚುಗೆ ಇದೆ.

ಕುಂದಾದ್ರಿಯ ನೆತ್ತಿಯಲ್ಲಿ, ಬಸದಿಯ ಆಚೆ ಬಂಡೆಯ ಮೇಲೆ ಕೂರುವುದು ನನಗಿಷ್ಟ. ಅಲ್ಲಿಗೆ ಬರುವ ಪ್ರವಾಸಿಗಳು ಸುತ್ತ ನಿಂತು ನೋಡುತ್ತಾರೆ. ‘ಆಂಟಿ, ಇದ್ರಲ್ಲಿ ಹಾಡು ಬರಲ್ವಾ?’ ಎಂದು ಕೇಳಿದ ಹುಡುಗನಿಗೆ ಇಯರ್‌ಫೋನ್ ಕೊಟ್ಟೆ. ಒಂದು ನಿಮಿಷ ಕೇಳಿ, ‘ಯಾರೋ ಒಂದೇ ಸಮನೆ ಬೈತಾ ಇದಾರೆ ಆಂಟಿ’ ಎಂದು ವಾಪಸ್ ಕೊಟ್ಟ. ಸ್ಪೀಕರ್ ಇರುವ ಸೆಟ್ ಬೇಕೆನ್ನುವವರಿಗೆ ನನ್ನ ಉತ್ತರವೂ ಇದೇ ಜಾಗದಿಂದ ಬಂದದ್ದು. ಗಾಳಿಯಲ್ಲಿ ಸ್ಪೀಕರ್ ಕೇಳುವುದಿಲ್ಲ, ಕೇಳಿದರೆ ಬೆಟ್ಟಕ್ಕೆ ಬಂದವರ ನೆಮ್ಮದಿ ಹಾಳು. ಇಯರ್‌ಫೋನ್ ಸಾಕು. ಬಣ್ಣದ ಪರದೆಯೂ ಬೇಡ, ನೆತ್ತಿಯ ಬಿಸಿಲಿನಲ್ಲಿ ಅದು ಬರೀ ಕಪ್ಪು ಗಾಜು. ಪರವಾನಗಿಯ ಒಂದು ಪ್ರತಿಯನ್ನು ಮಾತ್ರ ಮರೆಯದೆ ಚೀಲದಲ್ಲಿಟ್ಟುಕೊಳ್ಳಿ. ಬೆಟ್ಟದ ಮೇಲೆ ತಂತಿ ಎಳೆದು ಟಿಕ್ ಟಿಕ್ ಮಾಡುತ್ತಾ ಕೂತ ಹೆಂಗಸನ್ನು ಕಂಡು ಕಾವಲುಗಾರನಿಗೆ ಅನುಮಾನ ಬಂದರೆ ತಪ್ಪು ಅವನದಲ್ಲ.

ತಂತಿ ಕಟ್ಟಲು ಬಂಡೆಯ ಮೇಲೆ ಮರವೆಲ್ಲಿ? 40 ಮೀಟರ್ ಬ್ಯಾಂಡಿಗೆ ಅರ್ಧ ಅಲೆಯುದ್ದದ ತಂತಿ ಎಂದರೆ 20 ಮೀಟರ್. ಅದರ ಒಂದು ತುದಿಯನ್ನಾದರೂ ಮೇಲಕ್ಕೆತ್ತಬೇಕು. ಮಲೆನಾಡಿನವರಿಗೆ ತಟ್ಟನೆ ಹೊಳೆಯುವುದು ಈಚೆಗೆ ಅಡಿಕೆ ಕೊಯ್ಲಿಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ. ಹಗುರ, ಮಡಿಸಿದರೆ ಚಿಕ್ಕದು. ಆದರೆ ಕಾರ್ಬನ್ ವಿದ್ಯುತ್ ವಾಹಕ. ತಂತಿಗೆ ಅಂಟಿಕೊಂಡೇ ನಿಂತ ವಾಹಕ ಅದರ ಶ್ರುತಿಯನ್ನೇ ಕೆಡಿಸುತ್ತದೆ. ಮೀನು ಹಿಡಿಯುವ ಗ್ಲಾಸ್ ಫೈಬರಿನ ಗಾಳದ ಕೋಲು ಒಳ್ಳೆಯದು. ಹಳೆಯ ಬಿದಿರಿನ ದೋಟಿಯೂ ಆಗುತ್ತದೆ, ಹೊರಲು ಯಾರಾದರೂ ಸಿಕ್ಕರೆ. ಏಪ್ರಿಲ್, ಮೇ ತಿಂಗಳಲ್ಲಿ ದೂರದಲ್ಲಿ ಗುಡುಗು ಕೇಳಿಸಿದರೂ ಸಾಕು, ಎಂಥ ಮಾತುಕತೆ ನಡೆಯುತ್ತಿದ್ದರೂ ಬಿಟ್ಟು ತಂತಿ ಇಳಿಸಿಬಿಡಬೇಕು.

ಈ ಸೆಟ್ಟುಗಳನ್ನು ಕೊಳ್ಳಲು ಹಲವರು ಒಂದು ದೊಡ್ಡ ನೆಪ ಹೇಳುತ್ತಾರೆ: ವಿಪತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು. ಹ್ಯಾಮ್‌ಗಳು ವಿಪತ್ತಿನಲ್ಲಿ ದುಡಿದಿದ್ದಾರೆ, ಅನುಮಾನವಿಲ್ಲ. 2004ರ ಸುನಾಮಿಯ ಹೊತ್ತಿಗೆ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಅಂಡಮಾನಿನ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದರು. ಆದರೆ ಅಂಥ ಹೊತ್ತಿನಲ್ಲಿ ಜಿಲ್ಲಾಡಳಿತಕ್ಕೆ ಬೇಕಾಗುವುದು ಯಾರು ಬೇಕಾದರೂ ಹಿಡಿದು ಮಾತಾಡಬಹುದಾದ ಸೆಟ್. ಮೋರ್ಸ್ ಬಲ್ಲವರು ಎರಡೂ ಬದಿಯಲ್ಲಿ ಇರಬೇಕಾದ 5 ವ್ಯಾಟಿನ ಡಬ್ಬಿಯಲ್ಲ. ಬೆಟ್ಟದ ಮೋರ್ಸ್ ಸಂತೋಷಕ್ಕಾಗಿ. ಸಂತೋಷಕ್ಕಾಗಿ ಎಂದು ಒಪ್ಪಿಕೊಂಡರೆ ಆಯ್ಕೆ ಸುಲಭವಾಗುತ್ತದೆ. ‘ಒಂದು ವೇಳೆ ಬೇಕಾದರೆ’ ಎಂದು ಸೇರಿಸುವ ಮೈಕು, ಸ್ಪೀಕರು, ಹೆಚ್ಚಿನ ಬ್ಯಾಟರಿ ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ತರಿಸುವುದು ಹೇಗೆ ಎನ್ನುವುದು ತಲೆನೋವಿನ ವಿಷಯ. ಪ್ರಸಾರ ಮಾಡುವ ಸೆಟ್ಟನ್ನು ಹೊರದೇಶದಿಂದ ತರಿಸಲು ಅನುಮತಿಯ ಕಾಗದ, ಕಸ್ಟಮ್ಸ್ ಸುಂಕ ಎರಡೂ ಇವೆ. ಪೆಟ್ಟಿಗೆ ಬಂದ ಮೇಲೆ ಓಡಾಡುವ ಬದಲು ಮೊದಲೇ ಕಾಗದ ಸರಿಮಾಡಿಕೊಳ್ಳಿ. ನಮ್ಮಲ್ಲೇ ಒಂದು ದಾರಿಯಿದೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಸೆಟ್ಟಿನ ಮೊದಲ ವಿನ್ಯಾಸದಲ್ಲಿ ಕಾಯಿಲ್ ಸುತ್ತಲು ನಲ್ಲಿಯ ವಾಷರ್ ಬಳಸಿದ್ದರು. ಭಾರತದ ಪೇಟೆಯಲ್ಲಿ ಸಿಗುವ ಸಾಮಾನಿನಲ್ಲೇ ಆಗಬೇಕು ಎಂಬ ಹಟ ಅದು. ಅದು ಮಾತಿನ ಸೆಟ್ ಎಂದು ಹುಟ್ಟಿದ್ದು, ಮುಂದೆ ಬಂದ ಮೈಕ್ರೊಬಿಟ್‌ಎಕ್ಸ್‌ನಲ್ಲಿ ಮೋರ್ಸ್ ಕೂಡ ಇದೆ. ಹಗುರದಲ್ಲಿ ಅದು ಕ್ಯೂಸಿಎಕ್ಸ್‌ಗೆ ಸಾಟಿಯಲ್ಲ. ಆದರೆ ಕೆಟ್ಟರೆ ಮನೆಯಲ್ಲೇ ಬಿಚ್ಚಿ ನೋಡಬಹುದು, ಅದೂ ಒಂದು ಗುಣವೇ. ಬೆಸುಗೆ ಹಿಡಿಯಲು ಬರುವವರು ಕಿಟ್ ತರಿಸಿ ತಾವೇ ಜೋಡಿಸಲಿ ಎಂಬುದು ನನ್ನ ಒಲವು. ಉಂಗುರಾಕಾರದ ಕೋರಿಗೆ ಸಣ್ಣ ತಂತಿ ಸುತ್ತುವುದು ಬೇಸರ ಎನ್ನುತ್ತಾರೆ. ನನಗಂತೂ ಮಳೆಗಾಲದ ಮಧ್ಯಾಹ್ನಗಳಿಗೆ ಅದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಪರವಾನಗಿ ಪಡೆದ. ‘ಟೀಚರ್, ಯಾವುದು ತಗೊಳ್ಲಿ?’ ಎಂದು ಕೇಳಿಕೊಂಡು ಬಂದ. ಇಷ್ಟನ್ನೂ ಹೇಳಿದೆ. ಶುರುವಿಗೆ 40 ಮೀಟರಿನ ಒಂದೇ ಬ್ಯಾಂಡಿನ ಕಿಟ್, ಮೋರ್ಸ್ ಕುಟ್ಟಲು ಒಂದು ಪ್ಯಾಡಲ್, ಮೂರು ಸೆಲ್, 20 ಮೀಟರ್ ತಂತಿ, ಒಂದು ಗಾಳದ ಕೋಲು ಎಂದು ಚೀಟಿಯಲ್ಲೂ ಬರೆದುಕೊಟ್ಟೆ. ತಲೆಯಾಡಿಸಿ ಹೋದವನು ಮಾತು, ಮೋರ್ಸ್, ಬಣ್ಣದ ಪರದೆ ಎಲ್ಲ ಇರುವ ಒಂದು ಕಿಲೋಗೂ ಮಿಕ್ಕಿದ ಸೆಟ್ ಹಿಡಿದುಕೊಂಡು ಬಂದಿದ್ದಾನೆ. ಕವಲೇದುರ್ಗಕ್ಕೆ ಜೊತೆಗೆ ಹೋಗೋಣ ಟೀಚರ್ ಎನ್ನುತ್ತಿದ್ದಾನೆ. ಆಗಲಿ, ಬ್ಯಾಟರಿ ನಿನ್ನ ಚೀಲದಲ್ಲೇ ಇರಲಿ ಎಂದಿದ್ದೇನೆ.