ಬೀಗ ತೆರೆಯದಿದ್ದರೆ ಕನ್ನಡವನ್ನೇ ಕಿತ್ತೆಸೆಯಬೇಕೇ?



ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನ ಕಥೆ ನೀವೆಲ್ಲ ಕೇಳಿದ್ದೀರಿ. ಕಂಪ್ಯೂಟರಿನ ಬೀಗ ತೆರೆಯಲಿಲ್ಲವೆಂದು ಅದರೊಳಗಿದ್ದ ಕನ್ನಡವನ್ನೇ ಕಿತ್ತುಹಾಕಿದವನ ಕಥೆ ಕೇಳಿದ್ದೀರಾ? ನಾನು ಕಣ್ಣಾರೆ ಕಂಡಿದ್ದೇನೆ. ಕಿತ್ತುಹಾಕಿಸಿಕೊಂಡವನೂ ನಾನೇ.

ನನ್ನದು ತಾಲ್ಲೂಕು ಕಚೇರಿಯ ಎದುರಿಗೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕರೆಯೋಲೆ, ಅರ್ಜಿ, ಕರಪತ್ರ ಎಲ್ಲವೂ ಕನ್ನಡದಲ್ಲೇ. ಕಂಪ್ಯೂಟರಿಗೆ ಹಾಕಿರುವುದು ಲಿನಕ್ಸ್. ಕದ್ದ ಪ್ರತಿಯ ಹಂಗು ಬೇಡ, ದುಡ್ಡು ಕೊಡುವ ಶಕ್ತಿಯೂ ಇಲ್ಲ ಎಂದು ಹಾಕಿಸಿಕೊಂಡದ್ದು. ಒಂದು ಸಂಜೆ ಒಬ್ಬ ರೈತರು ಬಂದರು. ಪಹಣಿಯಲ್ಲಿ ತಂದೆಯ ಹೆಸರು ತಪ್ಪಾಗಿದೆ, ತಹಸೀಲ್ದಾರರಿಗೆ ಅರ್ಜಿ ಬೇಕು ಎಂದರು. ಅವರು ಹೇಳುತ್ತಾ ಹೋದರು, ನಾನು ಬಡಿಯುತ್ತಾ ಹೋದೆ. ಒಂದೂವರೆ ಪುಟ ಆಯಿತು. 'ಒಂದು ಟೀ ಕುಡಿದು ಬರೋಣ ಯಜಮಾನರೇ, ಆಮೇಲೆ ಪ್ರಿಂಟು ತೆಗೆಯೋಣ' ಎಂದು ಇಬ್ಬರೂ ಎದ್ದೆವು.

ಬಂದು ನೋಡಿದರೆ ಪರದೆಗೆ ಬೀಗ ಬಿದ್ದಿದೆ. ಬೀಳಲಿ, ಅದು ಅದರ ಕೆಲಸ. ಪಾಸ್‌ವರ್ಡ್ ಒತ್ತಿದೆ. ತಪ್ಪು ಎಂದಿತು. ಮತ್ತೆ ಒತ್ತಿದೆ. ತಪ್ಪು! ಒಂದೊಂದೇ ಗುಂಡಿ ನೋಡಿ ನೋಡಿ ಒತ್ತಿದೆ. ಮತ್ತೂ ತಪ್ಪು! ಬೆಳಿಗ್ಗೆ ಇದೇ ಪಾಸ್‌ವರ್ಡ್ ಕೊಟ್ಟು ಒಳಗೆ ಹೋದವನು ನಾನು. ಸಂಜೆಗೆ ನನ್ನ ಮನೆಗೆ ನಾನೇ ಪರಕೀಯನಾದೆ.

ರಿಪೇರಿ ಹುಡುಗನಿಗೆ ಫೋನು ಹಚ್ಚಿದೆ. ಬಂದ. ನೋಡಿದ. 'ಅಣ್ಣಾ, ನೀವು ಇದಕ್ಕೆ ಕನ್ನಡ ಹಾಕಿದ್ದೀರಲ್ಲ, ಅದಕ್ಕೇ ಹಿಂಗಾಗಿರೋದು' ಎಂದ. ಪವರ್ ಗುಂಡಿಯನ್ನು ಅದುಮಿ ಹಿಡಿದ. ಯಂತ್ರ ಸತ್ತು ಮತ್ತೆ ಹುಟ್ಟಿತು, ಪಾಸ್‌ವರ್ಡ್ ಒಪ್ಪಿತು. ಆದರೆ ಉಳಿಸಿರದ ಅರ್ಜಿ? ಹೋಯಿತು. ರೈತರ ಊರಿನ ಕೊನೆಯ ಬಸ್ಸು? ಅದೂ ಹೋಯಿತು. ಹುಡುಗ ಹೋಗುವ ಮೊದಲು ಇನ್ನೊಂದು ಉಪಕಾರ ಮಾಡಿದ. ಕೀಲಿಮಣೆಯ ಪಟ್ಟಿಯಿಂದ ಕನ್ನಡವನ್ನೇ ಅಳಿಸಿ, 'ಇನ್ನು ತೊಂದರೆ ಬರಲ್ಲ ಬಿಡಿ' ಎಂದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕನ್ನಡದ ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡವೇ ಅಪರಾಧಿ!

ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನಿಗೆ ಕಲಿಸಿದವರು ಹಾಗೆ ಕಲಿಸಿದ್ದಾರೆ. ತೊಂದರೆ ಬಂತೇ, ಮೊದಲು ಕನ್ನಡ ತೆಗೆ ಎನ್ನುವುದೇ ಅವನ ಪಾಠ. ಅದಕ್ಕೇ ನಾನು ಈ ಬೀಗದ ಬೆನ್ನು ಹತ್ತಿದೆ. ಕಂಡುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಬೀಗ ಕೆಟ್ಟಿರಲಿಲ್ಲ, ಕೀಲಿ ಬದಲಾಗಿತ್ತು

ವಿಷಯ ಇಷ್ಟು. ಕೀಲಿಮಣೆಯ ಗುಂಡಿಗೆ ಸ್ವಂತ ಭಾಷೆ ಇಲ್ಲ. ಯಾವ ವಿನ್ಯಾಸ ಆರಿಸಿದ್ದೀರೋ ಆ ಅಕ್ಷರ ಮೂಡುತ್ತದೆ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದಾಗ ಕಾಣುವ ಪ್ರವೇಶದ ಪರದೆ ಇಡೀ ಯಂತ್ರಕ್ಕೆಂದು ಇಟ್ಟ ವಿನ್ಯಾಸವನ್ನು ಬಳಸುತ್ತದೆ. ಅದು ಸಾಮಾನ್ಯವಾಗಿ ಇಂಗ್ಲಿಷ್. ಆದರೆ ಕೆಲಸದ ನಡುವೆ ಬೀಳುವ ಬೀಗದ ಪರದೆ ಹಲವು ಡೆಸ್ಕ್‌ಟಾಪ್‌ಗಳಲ್ಲಿ ನೀವು ಎದ್ದು ಹೋದಾಗ ಯಾವ ವಿನ್ಯಾಸದಲ್ಲಿದ್ದಿರೋ ಅದನ್ನೇ ಹಿಡಿದುಕೊಂಡಿರುತ್ತದೆ. ನಾನು ಎದ್ದಾಗ ಕನ್ನಡದಲ್ಲಿದ್ದೆ. ಅಂದರೆ ಬೀಗಕ್ಕೂ ಕನ್ನಡವೇ ಹೋಯಿತು.

ಉದಾಹರಣೆಗೆ ಪಾಸ್‌ವರ್ಡ್ 'ಮನೆ' ಎಂದು ಇಟ್ಟುಕೊಳ್ಳಿ, ಇಂಗ್ಲಿಷಿನ ಎಂ, ಎ, ಎನ್, ಇ ಅಕ್ಷರಗಳಲ್ಲಿ. ಇನ್‌ಸ್ಕ್ರಿಪ್ಟ್ ಕನ್ನಡ ವಿನ್ಯಾಸದಲ್ಲಿ ಅದೇ ನಾಲ್ಕು ಗುಂಡಿ ಒತ್ತಿದರೆ ಎಂ ಗುಂಡಿಗೆ 'ಸ', ಎ ಗುಂಡಿಗೆ ಓಕಾರ, ಎನ್ ಗುಂಡಿಗೆ 'ಲ', ಇ ಗುಂಡಿಗೆ ಆಕಾರ ಬರುತ್ತದೆ. ಸೇರಿಸಿದರೆ 'ಸೋಲಾ'! ಮನೆ ಎಂದು ಬಡಿದವನಿಗೆ ಸೋಲು. ಕೆ. ಪಿ. ರಾವ್ ಅವರ ಹಾದಿಯ ಕಗಪ ವಿನ್ಯಾಸದಲ್ಲಿ ಬೇರೆ ಅಕ್ಷರ ಬಂದೀತು, ಇಂಗ್ಲಿಷ್ ಅಂತೂ ಬರುವುದಿಲ್ಲ. ಇಂಗ್ಲಿಷಿನ ನಾಲ್ಕು ಅಕ್ಷರಕ್ಕೆ ಯಂತ್ರದ ಒಳಗೆ 4 ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಒಟ್ಟು 12. ಬೀಗ ತನ್ನಲ್ಲಿರುವ ಗುರುತಿಗೆ ಇದನ್ನು ಹೋಲಿಸಿ 'ಬೇರೆ ಯಾರೋ' ಎನ್ನುತ್ತದೆ. ಅದು ಹೇಳಿದ್ದು ಸರಿ!

ಹಾಗಾದರೆ ತಪ್ಪು ಯಾರದು? ನೀವು ಒತ್ತಿದ್ದನ್ನು ಬೀಗ ಚುಕ್ಕೆಗಳ ಹಿಂದೆ ಬಚ್ಚಿಡುತ್ತದೆ. ಬಚ್ಚಿಡಲಿ. ಆದರೆ 'ಕೀಲಿಮಣೆ ಈಗ ಕನ್ನಡದಲ್ಲಿದೆ' ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲೋ ಮೂಲೆಯಲ್ಲಿ ಎರಡು ಇಂಗ್ಲಿಷ್ ಅಕ್ಷರಗಳಲ್ಲಿ ಪಿಸುಗುಡುತ್ತದೆ. ತಪ್ಪಿರುವುದು ಅಲ್ಲಿ. ಕನ್ನಡದಲ್ಲಿ ಅಲ್ಲ, ಕನ್ನಡಿಗನೂ ಇದನ್ನು ಬಳಸುತ್ತಾನೆ ಎಂದು ನೆನಪಿಟ್ಟುಕೊಳ್ಳದ ಕೆಲಸದಲ್ಲಿ.

ಪವರ್ ಗುಂಡಿಗೆ ಕೈ ಹಾಕಬೇಡಿ!

ಬೀಗ ತೆರೆಯದಿದ್ದಾಗ ಏನು ಮಾಡಬೇಕು? ಈ ಕ್ರಮ ಬರೆದಿಟ್ಟುಕೊಳ್ಳಿ. ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿ.

ಮೊದಲು ಪರದೆಯ ಮೂಲೆ ನೋಡಿ. ವಿನ್ಯಾಸದ ಗುರುತು ಇದ್ದರೆ ಅದರ ಮೇಲೆ ಒತ್ತಿ ಇಂಗ್ಲಿಷಿಗೆ ಬದಲಿಸಿ. ಗ್ನೋಮ್ ಡೆಸ್ಕ್‌ಟಾಪ್ ಆದರೆ ಸೂಪರ್ ಗುಂಡಿ ಹಿಡಿದು ಸ್ಪೇಸ್ ಒತ್ತಿದರೂ ಬದಲಾಗುತ್ತದೆ. ಪಾಸ್‌ವರ್ಡ್ ಪೆಟ್ಟಿಗೆಯ ಪಕ್ಕದಲ್ಲಿ ಕಣ್ಣಿನ ಚಿತ್ರ ಇದ್ದರೆ ಒತ್ತಿ ನೋಡಿ, ನೀವು ಬಡಿದದ್ದು ಯಾವ ಲಿಪಿಯಲ್ಲಿದೆ ಎಂದು ಕಾಣುತ್ತದೆ. ಅಕ್ಕಪಕ್ಕ ಯಾರಿದ್ದಾರೆ ಎಂದು ಮೊದಲು ತಿರುಗಿ ನೋಡಿ! ಕ್ಯಾಪ್ಸ್ ಲಾಕ್ ದೀಪವನ್ನೂ ನೋಡಿಬಿಡಿ.

ಎರಡನೆಯದು, ಸುಮ್ಮನೆ ಹತ್ತು ಸಲ ಬಡಿಯಬೇಡಿ. ಆರ್ಚ್ ಲಿನಕ್ಸ್‌ನಂಥ ಕೆಲವು ಕಡೆ ಫೇಲ್‌ಲಾಕ್ ಎಂಬ ಕಾವಲುಗಾರ ಕೂತಿರುತ್ತಾನೆ. 3 ಸಲ ತಪ್ಪಿದರೆ 10 ನಿಮಿಷ ಬಾಗಿಲು ಮುಚ್ಚುತ್ತಾನೆ. ಆ 10 ನಿಮಿಷದಲ್ಲಿ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಪ್ಪುವುದಿಲ್ಲ. ಕನ್ನಡ ವಿನ್ಯಾಸದಲ್ಲಿ ಮೂರು ಸಲ ಬಡಿದು, ಆಮೇಲೆ ಬುದ್ಧಿ ಬಂದು ಇಂಗ್ಲಿಷಿಗೆ ಬದಲಿಸಿದವನೂ ಇಲ್ಲಿ ಮೋಸ ಹೋಗುತ್ತಾನೆ. 'ವಿನ್ಯಾಸದ ತೊಂದರೆ ಅಲ್ಲ' ಎಂದುಕೊಳ್ಳುತ್ತಾನೆ. ಇನ್ನೊಂದು ಟೀ ಕುಡಿದು ಬಂದು ನೋಡಿ.

ಮೂರನೆಯದು, ಅದಕ್ಕೂ ಜಗ್ಗದಿದ್ದರೆ ಹಿತ್ತಲ ಬಾಗಿಲು ಇದೆ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಕಪ್ಪು ಪರದೆಯಲ್ಲಿ ಬರಿಯ ಅಕ್ಷರಗಳ ಪ್ರವೇಶದ್ವಾರ ಬರುತ್ತದೆ. ಅಲ್ಲಿ ಹೆಸರು, ಪಾಸ್‌ವರ್ಡ್ ಕೊಡಿ. ಅಲ್ಲಿ ಒಪ್ಪಿದರೆ ನಿಮ್ಮ ಪಾಸ್‌ವರ್ಡ್ ಸರಿ ಇದೆ, ತಕರಾರು ಬೀಗದ ಪರದೆಯದು ಎಂದು ಖಾತ್ರಿಯಾಯಿತು. ಅಲ್ಲೇ ಲಾಗಿನ್‌ಸಿಟಿಎಲ್ ಎಂದು ಕೊಟ್ಟರೆ (ಲಾಗಿನ್ ಪದಕ್ಕೆ ಸಿ, ಟಿ, ಎಲ್ ಅಂಟಿಸಿ ಬರೆಯಿರಿ) ನಡೆಯುತ್ತಿರುವ ಸೆಷನ್‌ಗಳ ಪಟ್ಟಿ, ಅವುಗಳ ಸಂಖ್ಯೆ ಕಾಣುತ್ತದೆ. ಲಾಗಿನ್‌ಸಿಟಿಎಲ್ ಅನ್‌ಲಾಕ್-ಸೆಷನ್ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ಡೆಸ್ಕ್‌ಟಾಪಿನ ಸಂಖ್ಯೆ ಕೊಡಿ. ಮತ್ತೆ ಕಂಟ್ರೋಲ್, ಆಲ್ಟ್ ಜೊತೆಗೆ ಎಫ್1 ಅಥವಾ ಎಫ್2, ಕೆಲವು ಕಡೆ ಎಫ್7 ಒತ್ತಿ ಹಿಂದಿರುಗಿ. ಗ್ನೋಮ್, ಕೆಡಿಇ ಡೆಸ್ಕ್‌ಟಾಪ್‌ಗಳಲ್ಲಿ ಇದು ನಡೆಯುತ್ತದೆ. ನಿಮ್ಮ ಅರ್ಜಿ ಬಿಟ್ಟಲ್ಲೇ ಇರುತ್ತದೆ!

ಎಲ್ಲ ತೊಂದರೆಯೂ ವಿನ್ಯಾಸದ್ದೇ ಅಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಬೀಗ ಹಾಕುವ ಪ್ರೋಗ್ರಾಂಗಳು ಎರಡು ಒಟ್ಟಿಗೆ ಓಡುತ್ತಿದ್ದರೆ ಒಂದಕ್ಕೊಂದು ಕಾಲು ಕೊಡುತ್ತವೆ. ಒಂದನ್ನು ತೆಗೆಯಿರಿ. ಗ್ರಾಫಿಕ್ಸ್ ಚಾಲಕ ಕೈಕೊಟ್ಟು ಪರದೆ ಕಪ್ಪಾಗಿಯೇ ಉಳಿಯುವುದೂ ಉಂಟು. ಬೀಗದ ಪ್ರೋಗ್ರಾಮೇ ಮುರಿದುಬೀಳುವುದೂ ಉಂಟು. ಇವುಗಳಿಗೂ ಕನ್ನಡಕ್ಕೂ ಸಂಬಂಧವಿಲ್ಲ. ಕಾರಣ ಹುಡುಕದೆ ಕನ್ನಡದ ತಲೆಗೆ ಕಟ್ಟುವುದು ಬೇಡ ಎಂದಷ್ಟೇ ನನ್ನ ವಾದ.

ಆ ಹಿತ್ತಲ ಬಾಗಿಲಿನ ಬಗ್ಗೆ ಒಂದು ನೋವಿನ ಮಾತು. ಆ ಕಪ್ಪು ಪರದೆಗೆ ಕನ್ನಡ ಬಾರದು. ಒಂದು ಸಲಕ್ಕೆ 512ಕ್ಕಿಂತ ಹೆಚ್ಚು ಆಕೃತಿಗಳನ್ನು ಅದು ಇಟ್ಟುಕೊಳ್ಳಲಾರದು. ಕಾಗುಣಿತ, ಒತ್ತಕ್ಷರ ಜೋಡಿಸುವ ವಿದ್ಯೆ ಅದಕ್ಕಿಲ್ಲ. 'ಹಾಗಾದರೆ ಪಾಸ್‌ವರ್ಡನ್ನೇ ಕನ್ನಡದಲ್ಲಿ ಇಡೋಣ' ಎಂದು ಕೆಚ್ಚಿನಿಂದ ಹೊರಟವರಿಗೂ ಇದನ್ನೇ ಹೇಳುತ್ತೇನೆ. ಸದ್ಯಕ್ಕೆ ಬೇಡ. ಬೆಳಗಿನ ಪ್ರವೇಶದ ಪರದೆಯಲ್ಲಿ, ಈ ಕಪ್ಪು ಪರದೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಮೇಲಾಗಿ, ಕಣ್ಣಿಗೆ ಒಂದೇ ಆಗಿ ಕಾಣುವ 'ಕೋ' ಅಕ್ಷರವನ್ನು ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆಯಬಹುದು. ನಿಮಗೆ ಒಂದೇ, ಬೀಗಕ್ಕೆ ಬೇರೆ ಬೇರೆ. ಅಭಿಮಾನ ಇರಲಿ, ಅಂಗಡಿಯೂ ತೆರೆದಿರಲಿ.

ಒಂದು ಅಕ್ಷರ ಕಲಿಸಿದ ಪಾಠ

2021ರ ಜನವರಿಯಲ್ಲಿ ಲಿನಕ್ಸ್ ಮಿಂಟ್‌ನಲ್ಲಿ ಒಂದು ಸಂಗತಿ ಬೆಳಕಿಗೆ ಬಂತು. ಮಕ್ಕಳು ಆಟಕ್ಕೆಂದು ಬೀಗ ಬಿದ್ದ ಕಂಪ್ಯೂಟರಿನ ಗುಂಡಿಗಳನ್ನೂ, ಪರದೆಯ ಮೇಲೆ ಮೂಡುವ ಕೀಲಿಮಣೆಯನ್ನೂ ಬೇಕಾಬಿಟ್ಟಿ ಒತ್ತಿದರು. ಬೀಗವೇ ಮುರಿದು ಬಿದ್ದು ಡೆಸ್ಕ್‌ಟಾಪ್ ತೆರೆದುಕೊಂಡಿತು! ಹುಡುಕಿ ನೋಡಿದರೆ ಕಾರಣ ಒಂದೇ ಒಂದು ಅಕ್ಷರ, ತಲೆಯ ಮೇಲೆ ಗೆರೆ ಇರುವ 'ಇ'. ಇಂಗ್ಲಿಷಿನವರು ದಿನನಿತ್ಯ ಬಳಸದ ಅಕ್ಷರ.

ಗಮನಿಸಿದಿರಾ? ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಬೇಲಿ ದಾಟಿದೊಡನೆ ಬೀಗ ಕುಸಿಯಿತು. ಆಗ ಅವರು 'ಆ ಅಕ್ಷರವನ್ನು ಇನ್ನು ಯಾರೂ ಬಳಸಬೇಡಿ' ಎಂದರೇ? ಇಲ್ಲ. ಆ ಮಕ್ಕಳ ತಂದೆ ದೂರು ಬರೆದ. ಬರೆದದ್ದಕ್ಕೆ ಬೆಲೆ ಬಂತು. ಅದೇ ತಿಂಗಳು ತಿದ್ದುಪಡಿ ಹೊರಟಿತು.

ರಷ್ಯನ್ನರಿಗೆ, ಗ್ರೀಕರಿಗೆ, ಅರಬ್ಬರಿಗೆ ತಮ್ಮ ಲಿಪಿ ಇದೆ, ಈ ಬೀಗದ ಕಾಟವೂ ಇದೆ. ಅದಕ್ಕಾಗಿ ಅವರು ಲಿಪಿ ಬಿಡಲಿಲ್ಲ. ನಾವೇಕೆ ಬಿಡಬೇಕು?

ಲಿನಕ್ಸ್ ಯಾವ ಸಾಹುಕಾರನ ಸ್ವತ್ತೂ ಅಲ್ಲ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು. ಇಂದು ಜಗತ್ತಿನ ಯಾರು ಬೇಕಾದರೂ ಅದರ ಒಳಗನ್ನು ತೆರೆದು ನೋಡಬಹುದು, ತಿದ್ದಬಹುದು. ಅದರೊಳಗೆ ಕನ್ನಡದ ವಿನ್ಯಾಸಗಳು ಇಂದು ಇವೆ ಎಂದರೆ ಯಾರೋ ಕೂತು ಸೇರಿಸಿದ್ದರಿಂದ ಇವೆ. ಆಕಾಶದಿಂದ ಉದುರಲಿಲ್ಲ. ನಾವು ಬೀದಿಯಲ್ಲಿ ಘೋಷಣೆ ಕೂಗಿದರೆ ಅಂಗಡಿಯ ಫಲಕ ಬದಲಾದೀತು. ಪರದೆಯ ಮೇಲಿನ ಫಲಕ ಬದಲಾಗಬೇಕಾದರೆ ಕೂತು ಬರೆಯಬೇಕು.

ನಮ್ಮ ಬೇಡಿಕೆಗಳು

1. ಬೀಗದ ಪರದೆಯಲ್ಲಿ ವಿನ್ಯಾಸದ ಹೆಸರು ಮೂಲೆಯ ಪಿಸುಮಾತಾಗದೆ, ಪಾಸ್‌ವರ್ಡ್ ಪೆಟ್ಟಿಗೆಯ ಪಕ್ಕದಲ್ಲೇ 'ಕನ್ನಡ' ಎಂದು ಕನ್ನಡ ಲಿಪಿಯಲ್ಲಿ ದೊಡ್ಡದಾಗಿ ಕಾಣಬೇಕು.

2. ಬೇರೆ ಲಿಪಿಯಲ್ಲಿರುವಾಗ ಪಾಸ್‌ವರ್ಡ್ ತಪ್ಪಿದರೆ ಬರಿಯ 'ತಪ್ಪು' ಎಂದರೆ ಸಾಲದು. 'ಕೀಲಿಮಣೆ ಕನ್ನಡದಲ್ಲಿದೆ, ನೋಡಿಕೊಳ್ಳಿ' ಎನ್ನಬೇಕು.

3. ಕಂಪ್ಯೂಟರ್ ತರಬೇತಿ ಕೊಡುವವರು ಕನ್ನಡ ಹಾಕುವುದನ್ನು ಹೇಗೆ ಕಲಿಸುತ್ತಾರೋ, ಕನ್ನಡ ಇಟ್ಟುಕೊಂಡೇ ಬೀಗ ತೆರೆಯುವುದನ್ನೂ ಹಾಗೆಯೇ ಕಲಿಸಬೇಕು.

4. ಕಂಪ್ಯೂಟರ್ ಬಲ್ಲ ಕನ್ನಡದ ಹುಡುಗರು, ಹುಡುಗಿಯರು ಈ ದೂರುಗಳನ್ನು ತಯಾರಕರಿಗೆ ಬರೆಯಬೇಕು. ಪರದೆಯ ಸಂದೇಶಗಳನ್ನು ನಮ್ಮ ಜನ ಆಡುವ ಕನ್ನಡಕ್ಕೆ ತರಬೇಕು.

ನಾಲ್ಕನೆಯದು ನಮಗೆ ನಾವೇ ಮುಂದಿಟ್ಟುಕೊಂಡ ಬೇಡಿಕೆ. ಅದು ಆಗದೆ ಮೊದಲ ಎರಡು ಆಗುವುದಿಲ್ಲ.

ಆ ಸಂಜೆಯ ರೈತರು ಮರುದಿನ ಮತ್ತೆ ಬಂದರು. ಅಷ್ಟರಲ್ಲಿ ಕನ್ನಡ ವಿನ್ಯಾಸವನ್ನು ನಾನೇ ಮತ್ತೆ ಸೇರಿಸಿದ್ದೆ. ಅರ್ಜಿಯನ್ನು ಮೊದಲಿನಿಂದ ಬಡಿದೆ, ಪ್ರತಿ ಪ್ಯಾರಾಕ್ಕೂ ಉಳಿಸುತ್ತಾ. ದುಡ್ಡು ತೆಗೆದುಕೊಳ್ಳಲಿಲ್ಲ. ಹೊರಡುವಾಗ ಅವರು ಕೇಳಿದರು: 'ಏನ್ ಸ್ವಾಮಿ, ನಿನ್ನೆ ನಮ್ಮ ಕನ್ನಡದಿಂದ ಕೆಟ್ಟೋಯ್ತು ಅಂದ್ರಲ್ಲ, ಇವತ್ತೂ ಕನ್ನಡದಾಗೇ ಬರೆದ್ರಲ್ಲ, ಕೆಡಲಿಲ್ವಲ್ಲ?'

ನಾನು ಹೇಳಿದೆ: 'ಕನ್ನಡದಿಂದ ಕೆಟ್ಟಿರಲಿಲ್ಲ ಯಜಮಾನರೇ. ನಮಗೆ ಗೊತ್ತಿರಲಿಲ್ಲ, ಅಷ್ಟೇ.'

ಬಂಧುಗಳೇ, ಇನ್ನು ನಿಮಗೂ ಗೊತ್ತಾಯಿತು. ನಾಳೆ ನಿಮ್ಮ ಕಚೇರಿಯಲ್ಲಿ, ಶಾಲೆಯಲ್ಲಿ, ಅಂಗಡಿಯಲ್ಲಿ ಯಾರಾದರೂ ಬೀಗ ತೆರೆಯಲಿಲ್ಲವೆಂದು ಕನ್ನಡ ಅಳಿಸಲು ಬಂದರೆ ಅವರ ಕೈ ಹಿಡಿಯಿರಿ. ಜಗಳ ಬೇಡ. ಮೂಲೆಯ ಗುರುತು ತೋರಿಸಿ, ವಿನ್ಯಾಸ ಬದಲಿಸಿ, ಬೀಗ ತೆರೆದು ತೋರಿಸಿ. ಒಳಗೆ ಕನ್ನಡ ಹಾಗೆಯೇ ಇರಲಿ!